ಸಮಾಧಾನ: ಘಟಪ್ರಭೆಯ ಸೀಮೆಯಲ್ಲಿ ಒಂದು ಕ್ರೈಸ್ತ ಪದ

ಕನ್ನಡ ಬೈಬಲ್ಲಿನಲ್ಲಿ ಮನಸ್ಸಿನ ನೆಮ್ಮದಿಗೆ ಎರಡು ಪದಗಳು ಬಳಕೆಯಾಗಿವೆ. ಒಂದು ಶಾಂತಿ, ಇನ್ನೊಂದು ಸಮಾಧಾನ. ಅಪೊಸ್ತಲ ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಬರುವುದು ‘ದೇವಶಾಂತಿ’. ಪ್ರವಾದಿ ಯೆಶಾಯನು ಮುಂದೆ ಬರಲಿರುವ ಅರಸನಿಗೆ ಕೊಟ್ಟ ಬಿರುದು ‘ಸಮಾಧಾನದ ಪ್ರಭು’. ಯೆಶಾಯನ ಹೀಬ್ರೂ ಮೂಲದಲ್ಲಿರುವ ಪದ ಶಾಲೋಮ್. ಯಾವುದೂ ಮುಕ್ಕಾಗದೆ ಇಡಿಯಾಗಿರುವುದು, ಮನೆಮಂದಿ ದನಕರು ಹೊಲಗದ್ದೆ ಎಲ್ಲವೂ ನೆಟ್ಟಗಿರುವುದು ಎಂಬ ಅರ್ಥ ಅದರೊಳಗಿದೆ. ಯೇಸುವಿನ ಕಾಲದ ಯೆಹೂದ್ಯರು ಎದುರುಬದುರಾದಾಗ ಹೇಳುತ್ತಿದ್ದ ನಮಸ್ಕಾರವೂ ಅದೇ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಆಡುಮಾತಿನಲ್ಲಿ ಸಮಾಧಾನ ಎಂಬ ಪದಕ್ಕೆ ಎರಡು ಕೆಲಸಗಳಿವೆ. “ಮನಸ್ಸಿಗೆ ಸಮಾಧಾನ ಇಲ್ರಿ” ಎಂದರೆ ಒಳಗಿನ ತಳಮಳ. “ಹಿರ್ಯಾರು ಕೂಡಿ ಸಮಾಧಾನ ಮಾಡಿದ್ರು” ಎಂದರೆ ಬದುವಿನ ಜಗಳವೋ ಅಣ್ಣತಮ್ಮಂದಿರ ಪಾಲಿನ ತಂಟೆಯೋ ಒಂದು ಹಾದಿಗೆ ಬಂತು. ಕ್ರೈಸ್ತ ನಂಬಿಕೆ ಮನಶ್ಶಾಂತಿಯ ಬಗ್ಗೆ ಹೇಳುವುದನ್ನೆಲ್ಲ ಈ ಎರಡು ಬಳಕೆಗಳ ನಡುವಿನ ನಂಟಿನಿಂದಲೇ ಅರ್ಥಮಾಡಿಕೊಳ್ಳಬಹುದು. ತಂಟೆ ಮುಗಿಯದೆ ತಳಮಳ ಮುಗಿಯುವುದಿಲ್ಲ ಎಂಬುದು ಆ ನಂಬಿಕೆಯ ತಿರುಳು. ಆ ತಂಟೆ ದೇವರೊಂದಿಗಿನದೂ ಹೌದು, ನೆರೆಯವರೊಂದಿಗಿನದೂ ಹೌದು.

ಇದು ವೇದಾಂತದ ಸಮಾಧಾನಕ್ಕಿಂತ ಸ್ವಲ್ಪ ಬೇರೆ ದಾರಿ. ಶಮ, ದಮ ಮುಂತಾದ ಆರು ಗುಣಗಳ ಸಾಲಿನಲ್ಲಿ ಸಮಾಧಾನವೂ ಒಂದು. ಅಲ್ಲಿ ಅದು ಚಿತ್ತವನ್ನು ಒಂದೆಡೆ ನಿಲ್ಲಿಸುವ ಸಾಧನೆ. ಸುವಾರ್ತೆಗಳಲ್ಲಿ ಅದು ಬಹುಮಟ್ಟಿಗೆ ಇಬ್ಬರ ನಡುವೆ ನಡೆಯುವ ಸಂಗತಿ. ಕಾಣಿಕೆ ಕೊಡಲು ಬಲಿಪೀಠದ ಹತ್ತಿರ ಬಂದವನಿಗೆ ಅಣ್ಣನೋ ತಮ್ಮನೋ ತನ್ನ ಮೇಲೆ ಮನಸ್ತಾಪ ಇಟ್ಟುಕೊಂಡಿದ್ದಾನೆಂಬ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನ ಸಂಗಡ ಒಂದಾಗಬೇಕು ಎನ್ನುತ್ತಾನೆ ಯೇಸು. ತೆರಿಗೆ ವಸೂಲಿಯ ಜಕ್ಕಾಯನ ಕಥೆಯೂ ಹೀಗೆಯೇ ನಡೆಯುತ್ತದೆ. ಕುಳ್ಳ ಆಳು, ಜನಸಂದಣಿಯಲ್ಲಿ ಯೇಸು ಕಾಣದೆ ಮರ ಹತ್ತಿ ಕೂತವನು. ಆ ದಿನ ಯೇಸು ಅವನ ಮನೆಗೇ ಹೋಗಿ ಇಳಿದುಕೊಳ್ಳುತ್ತಾನೆ. ಜಕ್ಕಾಯ ಎದ್ದು ನಿಂತು, ಆಸ್ತಿಯ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟು ತಿರುಗಿಸುತ್ತೇನೆ ಎನ್ನುತ್ತಾನೆ. ಕಬ್ಬಿನ ತೂಕ, ಕಾರ್ಖಾನೆಯ ಬಿಲ್ಲು, ಬಡ್ಡಿಯ ಲೆಕ್ಕ ನಿತ್ಯದ ಮಾತಾಗಿರುವ ಊರುಗಳಲ್ಲಿ ಈ ಕಥೆಗೆ ವಿವರಣೆ ಬೇಕಾಗುವುದಿಲ್ಲ. ನೆಮ್ಮದಿ ಬಂದ ಮನೆಯಿಂದ ಮೊದಲು ಹೊರಬಿದ್ದದ್ದು ತಪ್ಪು ಲೆಕ್ಕದ ಹಣ.

ಈ ಸೀಮೆಗೆ ಈ ಮಾತು ಬಂದದ್ದು ಎರಡು ಶತಮಾನಗಳ ಹಿಂದೆ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದು ನೆಲೆನಿಂತರು. ಅವರ ನಂತರ ಬಂದ ವಿಲಿಯಂ ಬೆನನ್ ದಶಕಗಳ ಕಾಲ ಇಲ್ಲಿ ದುಡಿದರು. ಬೆನನ್ ಸ್ಮಿತ್ ಹೈಸ್ಕೂಲಿನ ಹೆಸರಿನಲ್ಲಿ ಅವರ ನೆನಪು ಬೆಳಗಾವಿಯಲ್ಲಿ ಉಳಿದಿದೆ. ಅತ್ತ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕೈಯಲ್ಲಿ 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಧಾರವಾಡ, ಹುಬ್ಬಳ್ಳಿ, ಗದಗ ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್ ನೆಲೆಯೂರಿತು. ಆ ಮಿಷನ್ನಿನ ಕಿಟೆಲ್ ನಿಘಂಟು ಬರೆಯುವುದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಕಥೆಯನ್ನು ದೇಸಿ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದ್ದರು. ಗದ್ಯದಲ್ಲಿ ಓದಿಸುವುದಕ್ಕಿಂತ ಹಾಡಿಸುವುದು ಇಲ್ಲಿಯ ಜನಕ್ಕೆ ಹತ್ತಿರ ಎಂಬುದನ್ನು ಅವರು ಚೆನ್ನಾಗಿ ಬಲ್ಲವರು. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕ್ಷೇತ್ರವನ್ನು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿಕೊಟ್ಟಿತು. ಜಿಲ್ಲೆಯ ಪ್ರೊಟೆಸ್ಟಂಟ್ ಕ್ರೈಸ್ತರಲ್ಲಿ ಮೆಥೋಡಿಸ್ಟರ ಛಾಯೆ ಕಾಣಲು ಇದೇ ಕಾರಣ.

ಹಾಗಾಗಿ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಬದುಕಿನ ಎರಡು ಘಟನೆಗಳು ಇಲ್ಲಿ ತಿಳಿಯಬೇಕಾದವು. ವೆಸ್ಲಿ ಇಂಗ್ಲೆಂಡಿನ ಪಾದ್ರಿ. ಕಟ್ಟುನಿಟ್ಟಿನ ಉಪವಾಸ, ಗಡಿಯಾರಕ್ಕೆ ಕಟ್ಟಿದ ಪ್ರಾರ್ಥನೆ. 1736ರ ಜನವರಿಯಲ್ಲಿ ಅವರು ಅಮೆರಿಕದ ಕಡೆ ಹೋಗುತ್ತಿದ್ದ ಹಡಗಿಗೆ ಬಿರುಗಾಳಿ ಹೊಡೆಯಿತು. ದೊಡ್ಡ ಪಟ ಹರಿದು, ಮೇಲಟ್ಟದಿಂದ ನೀರು ಒಳಗೆ ನುಗ್ಗಿತು. ಇಂಗ್ಲಿಷರು ಚೀರಾಡತೊಡಗಿದರು. ಅದೇ ಹಡಗಿನಲ್ಲಿದ್ದ ಜರ್ಮನ್ ಮೊರೇವಿಯನ್ ಪಂಥದವರು ಆಗ ಆರಾಧನೆಯ ನಡುವೆ ಕೀರ್ತನೆ ಹಾಡುತ್ತಿದ್ದರು, ಹಾಡು ನಿಲ್ಲಿಸಲಿಲ್ಲ. ಆಮೇಲೆ ವೆಸ್ಲಿ ಅವರಲ್ಲೊಬ್ಬನನ್ನು ಕೇಳಿದರು, ಹೆದರಿಕೆಯಾಗಲಿಲ್ಲವೇ ಎಂದು. ಇಲ್ಲ ಎಂದ. ಹೆಂಗಸರು, ಮಕ್ಕಳು? ಅವರಿಗೂ ಇಲ್ಲ ಎಂದ. ಪಾದ್ರಿಯಾದ ತನ್ನಲ್ಲಿ ಇಲ್ಲದ್ದು ಈ ಬಡ ವಲಸಿಗರಲ್ಲಿದೆ ಎಂಬುದು ಆ ದಿನ ವೆಸ್ಲಿಗೆ ಮನವರಿಕೆಯಾಯಿತು. ಎರಡು ವರ್ಷದ ಮೇಲೆ, 1738ರ ಮೇ 24ರ ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಯಾರೋ ಧರ್ಮಸುಧಾರಕ ಲೂಥರನ ಬರಹ ಓದುತ್ತಿದ್ದಾಗ, ತನ್ನ ಎದೆ ವಿಚಿತ್ರವಾಗಿ ಬೆಚ್ಚಗಾಯಿತೆಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಅಷ್ಟು ವರ್ಷಗಳ ಶಿಸ್ತು ಕೊಡದಿದ್ದ ನೆಮ್ಮದಿ, ತಾನು ಸಂಪಾದಿಸಬೇಕಾದದ್ದಲ್ಲ, ಕ್ಷಮೆಯಾಗಿ ಆಗಲೇ ದೊರೆತದ್ದು ಎಂದು ಒಪ್ಪಿಕೊಂಡ ಗಳಿಗೆಯಲ್ಲಿ ಬಂದಿತ್ತು.

ಕ್ರೈಸ್ತ ಪರಿಭಾಷೆಯಲ್ಲಿ ಇದಕ್ಕೆ ಕೃಪೆ ಎನ್ನುತ್ತಾರೆ. ಶರಣಾಗತಿಯ ಮಾತನ್ನು ವಚನ, ಕೀರ್ತನೆ, ಭಜನೆಗಳಲ್ಲಿ ಕೇಳಿ ಬೆಳೆದ ಕನ್ನಡಿಗರಿಗೆ ಇದು ತೀರ ಹೊರಗಿನ ವಿಚಾರವೇನೂ ಅಲ್ಲ.

ವೆಸ್ಲಿಯವರ ಇನ್ನೊಂದು ಕೊಡುಗೆ ಸಣ್ಣ ಗುಂಪು. ಅದು ಹುಟ್ಟಿದ್ದು ಧ್ಯಾನಕ್ಕಾಗಿ ಅಲ್ಲ, ಸಾಲಕ್ಕಾಗಿ. ಬ್ರಿಸ್ಟಲ್ಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು 1742ರಲ್ಲಿ ಜನರನ್ನು ಹನ್ನೆರಡು ಹನ್ನೆರಡರಂತೆ ಗುಂಪು ಮಾಡಿ, ಗುಂಪಿಗೊಬ್ಬ ಮುಂದಾಳು ವಾರಕ್ಕೊಂದು ಪೆನ್ನಿ ವಸೂಲಿ ಮಾಡಬೇಕೆಂದು ಗೊತ್ತುಮಾಡಲಾಯಿತು. ಮನೆಮನೆಗೆ ಹೋದ ಮುಂದಾಳುಗಳಿಗೆ ಯಾರ ಮನೆಯಲ್ಲಿ ಜಗಳ, ಯಾರು ಮತ್ತೆ ಕುಡಿಯಲು ಹತ್ತಿದ್ದಾರೆ, ಯಾರು ಕಾಯಿಲೆ ಬಿದ್ದಿದ್ದಾರೆ ಎಲ್ಲವೂ ಗೊತ್ತಾಗತೊಡಗಿತು. ಹಣದ ವಸೂಲಿ ಹಿಂದೆ ಸರಿದು ಮನಸ್ಸಿನ ವಿಚಾರಣೆ ಮುಂದೆ ಬಂತು. ಸ್ತ್ರೀಶಕ್ತಿ ಸಂಘದ ವಾರದ ಕಂತು ಕಟ್ಟಲು ಕೂಡುವ ಹೆಂಗಸರು ಕಂತಿಗಿಂತ ಹೆಚ್ಚು ಹೊತ್ತು ಮನೆಯ ಕಷ್ಟಸುಖ ಮಾತಾಡುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದು ಇದೇ ಬಗೆಯ ಕೂಟ ಮನೆಪ್ರಾರ್ಥನೆಯಾಗಿ, ಉಪವಾಸ ಪ್ರಾರ್ಥನೆಯಾಗಿ ನಡೆಯುತ್ತದೆ. ಬಾಗಿಲಾಚೆ ಚಪ್ಪಲಿಗಳ ರಾಶಿ. ಒಳಗೆ ಚಾಪೆ, ಜಮಖಾನೆ. ಒಂದು ಕಡೆ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಇನ್ನೊಂದು ಕಡೆ ಗಂಡಸರು. ಢೋಲಕ್, ತಾಳ. ಹಾಡುಗಳಲ್ಲಿ ಕೆಲವು ಭಜನೆಯ ಧಾಟಿಯವು, ಕೆಲವು ಇಂಗ್ಲಿಷ್ ರಾಗಕ್ಕೆ ಕನ್ನಡ ಮಾತು ಕೂಡಿಸಿದವು. ಎರಡನೆಯವನ್ನು ಹಾಡುವಾಗ ಮುದುಕಿಯರ ದನಿ ಸ್ವಲ್ಪ ಹಿಂದೆ ಬೀಳುತ್ತದೆ. ಹಾಡು ಮುಗಿದ ಮೇಲೆ ಸಾಕ್ಷಿ. ಯಾರಾದರೂ ಎದ್ದು ಈ ವಾರ ತಮಗಾದದ್ದನ್ನು ಹೇಳುತ್ತಾರೆ: ಮಗನ ಜ್ವರ ಇಳಿಯಿತು, ಸೊಸೆ ತಿರುಗಿ ಮನೆಗೆ ಬಂದಳು, ಸಾಲದವನು ಇನ್ನೊಂದು ತಿಂಗಳು ತಡೆದ. ಬಳಿಕ ಬೇಡಿಕೆಗಳು. ಸಭಾಪಾಲಕರು ಒಂದೊಂದು ಹೆಸರನ್ನೂ ಎತ್ತಿ ಪ್ರಾರ್ಥಿಸುತ್ತಾರೆ. ಮೊಣಕಾಲೂರಿದವರು ಒಟ್ಟಿಗೆ, ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಬೇಡತೊಡಗಿದಾಗ ಕೋಣೆಯಲ್ಲಿ ಒಂದು ಗುಜುಗುಜು ಏಳುತ್ತದೆ. ಹೊರಗಿನವರಿಗೆ ಅದು ಗದ್ದಲ. ಅಳಬೇಕಾದವರಿಗೆ ಅದೇ ಮರೆ. ಆ ಗದ್ದಲದಲ್ಲಿ ಯಾರ ಅಳು ಯಾರಿಗೂ ಕೇಳಿಸುವುದಿಲ್ಲ. ಕೊನೆಗೆ ಒಂದು ಲೋಟ ಚಹಾ.

ಮನಶ್ಶಾಂತಿ ಎಂದೊಡನೆ ಮೌನ, ಏಕಾಂತ, ಮುಚ್ಚಿದ ಕಣ್ಣು ನೆನಪಾಗುವ ಇಂದಿನ ದಿನಗಳಲ್ಲಿ ಈ ಕೋಣೆಯ ಪಾಠ ಬೇರೆಯದೇ. ತನ್ನ ಹೆಸರನ್ನು ಇನ್ನೊಬ್ಬರು ದೇವರ ಮುಂದೆ ಎತ್ತಿದರು ಎಂಬುದರಿಂದ ಬರುವ ನೆಮ್ಮದಿ ಒಬ್ಬಂಟಿಯಾಗಿ ಕೂತವರಿಗೆ ಸಿಗುವುದು ಕಷ್ಟ. ಇಲ್ಲಿಯ ಸಭೆಗಳಲ್ಲಿ ದಲಿತ ಮನೆತನಗಳವರ ಸಂಖ್ಯೆ ದೊಡ್ಡದು. ತಲೆಮಾರುಗಳ ಕಾಲ ಗುಡಿಯ ಹೊರಗೆ ನಿಂತವರಿಗೆ ಒಂದೇ ಜಮಖಾನೆಯ ಮೇಲೆ ಕೂತು ಒಂದೇ ರೊಟ್ಟಿ ಮುರಿದು ತಿನ್ನುವುದು ಧರ್ಮಶಾಸ್ತ್ರದ ಮಾತಷ್ಟೇ ಆಗಿರಲಿಲ್ಲ, ಮೈಗೆ ತಾಗುವ ಸಮಾಧಾನವಾಗಿತ್ತು. ಅದಕ್ಕೆ ತೆತ್ತ ಬೆಲೆಯೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಉಳಿಯುವುದಿಲ್ಲ. ಮತಾಂತರವನ್ನು ನಿರ್ಬಂಧಿಸುವ ಮಸೂದೆಗೆ 2021ರ ಡಿಸೆಂಬರಿನಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟದ್ದೂ ಬೆಳಗಾವಿಯ ಸುವರ್ಣಸೌಧದಲ್ಲಿಯೇ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಶೇ. 1.87, ಬೆಳಗಾವಿ ಜಿಲ್ಲೆಯಲ್ಲಿ ಶೇ. 1ಕ್ಕೂ ಕಡಿಮೆ. ಇಷ್ಟು ಸಣ್ಣ ಸಮುದಾಯ ತನ್ನ ಶಾಂತಿಯನ್ನು ಹೊರಗಿನ ನೆಮ್ಮದಿಗೆ ಗಂಟುಹಾಕಿ ಕೂತಿದ್ದರೆ ಬದುಕುತ್ತಿರಲಿಲ್ಲ.

ಕ್ಯಾಥೋಲಿಕರ ದಾರಿ ಸ್ವಲ್ಪ ಬೇರೆ. ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾದದ್ದು 1953ರಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತನಕ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಆಮೇಲೆ ಕನ್ನಡಕ್ಕೆ ಬಂತು. 1969ರಲ್ಲಿ ಭಾರತದ ಬಿಷಪ್ಪರು ಕೇಳಿದ ಹನ್ನೆರಡು ಮಾರ್ಪಾಡುಗಳಿಗೆ ರೋಮ್ ಒಪ್ಪಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಆರತಿ, ಕೈಜೋಡಿಸುವುದು ಅವುಗಳಲ್ಲಿ ಸೇರಿದ್ದವು. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಗೋವಾದ ಜೆಸ್ವಿಟ್ ಸಂಘದ ಗುರುಗಳು ಕಾವಿ ಉಟ್ಟು, ತಮ್ಮ ನೆಲೆಯನ್ನು ವಿರಕ್ತ ಮಠವೆಂದೇ ಕರೆದುಕೊಂಡು ಈ ಹಾದಿಯಲ್ಲಿ ಬಹುದೂರ ನಡೆದಿದ್ದಾರೆ. ಬಲಿಪೂಜೆಯಲ್ಲಿ ಪ್ರಸಾದ ಸ್ವೀಕಾರಕ್ಕೆ ಸ್ವಲ್ಪ ಮುಂಚೆ ಜನ ಅಕ್ಕಪಕ್ಕದವರ ಕಡೆ ತಿರುಗಿ ಕೈಮುಗಿದು ಶಾಂತಿ ಕೋರುತ್ತಾರೆ. ಮೇಲ್ನೋಟಕ್ಕೆ ಇದೊಂದು ಉಪಚಾರ. ಪಕ್ಕದಲ್ಲಿ ನಿಂತವನು ಮೊನ್ನೆ ಜಗಳವಾಡಿದ ಭಾವನಾದರೆ ಆ ಕೈಮುಗಿತಕ್ಕೆ ಎಷ್ಟು ಭಾರವಿದೆ ಎಂಬುದು ಆ ಇಬ್ಬರಿಗೇ ಗೊತ್ತು.

ಜೆಸ್ವಿಟರ ಮೂಲಗುರು ಇಗ್ನೇಷಿಯಸ್ ಲೊಯೋಲಾ ಮನಸ್ಸಿನ ಒಳಗನ್ನು ನೋಡುವ ಒಂದು ಕ್ರಮವನ್ನೇ ಬಿಟ್ಟುಹೋಗಿದ್ದಾರೆ. ಅವರು ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯ ಮೇಲೆ. ಓದಲು ವೀರರ ಕಥೆ ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ. ಮಲಗಿದಲ್ಲೇ ಒಂದು ಸಂಗತಿ ಅವರ ಗಮನಕ್ಕೆ ಬಂತು. ಯುದ್ಧ, ಬಿರುದು, ರಾಜಮನೆತನದ ಹೆಣ್ಣು ಎಂದು ಕನಸು ಕಾಣುವಾಗ ಸುಖ. ಕನಸು ಕಳೆದ ಮೇಲೆ ಬಾಯಿ ಒಣಗಿದ ಹಾಗೆ. ಸಂತರಂತೆ ಬಾಳುವುದನ್ನು ಯೋಚಿಸಿದಾಗಲೂ ಸುಖ. ಯೋಚನೆ ಮುಗಿದ ಮೇಲೂ ಅದರ ತಂಪು ಉಳಿಯುತ್ತಿತ್ತು. ಯಾವ ಬಯಕೆ ಕಳೆದ ಮೇಲೂ ತಂಪು ಬಿಟ್ಟುಹೋಗುತ್ತದೆ ಎಂಬುದನ್ನು ನೋಡಿ ದಾರಿ ಆರಿಸಬೇಕೆಂಬ ಈ ಕಂಡುಕೊಳ್ಳುವಿಕೆಯೇ 1548ರಲ್ಲಿ ಅಚ್ಚಾದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದ ಬೇರು. ದಿನಕ್ಕೆರಡು ಬಾರಿ, ಕೆಲವು ನಿಮಿಷ, ಅಂದಿನ ದಿನವನ್ನು ಹಿಂದಿರುಗಿ ನೋಡುವುದು ಅದರ ಸರಳ ಅಭ್ಯಾಸ: ಮೊದಲು ಕೃತಜ್ಞತೆ, ಆಮೇಲೆ ಎಲ್ಲಿ ಮನಸ್ಸು ಹಗುರಾಯಿತು, ಎಲ್ಲಿ ಬಿಗಿಯಿತು, ಯಾರಿಗೆ ನೋವಾಯಿತು ಎಂಬ ವಿಚಾರಣೆ, ಕೊನೆಗೆ ಕ್ಷಮೆ ಮತ್ತು ನಾಳೆಯ ಮಾತು. ಮುಂಬಯಿಯಲ್ಲಿ ಹುಟ್ಟಿದ ಜೆಸ್ವಿಟ್ ಆಂಟನಿ ಡಿಮೆಲ್ಲೊ (1931–87) ಉಸಿರಾಟದ ಗಮನ, ಮೈಯ ಅರಿವು ಮುಂತಾದ ಪೂರ್ವದ ಪದ್ಧತಿಗಳನ್ನು ಇದರೊಂದಿಗೆ ಬೆಸೆದರು. 1978ರಲ್ಲಿ ಬಂದ ಅವರ ‘ಸಾಧನಾ’ ಜಗತ್ತಿನ ಹಲವು ಭಾಷೆಗಳಿಗೆ ಹೋಯಿತು. ಅವರ ಕೆಲವು ಬರಹಗಳು ಕ್ರೈಸ್ತ ನಂಬಿಕೆಯ ಎಲ್ಲೆ ದಾಟುತ್ತವೆ ಎಂದು ವ್ಯಾಟಿಕನ್ 1998ರಲ್ಲಿ ಎಚ್ಚರಿಕೆ ಹೊರಡಿಸಿದ್ದೂ ಉಂಟು. ಓದುಗರು ಮಾತ್ರ ಕಡಿಮೆಯಾಗಲಿಲ್ಲ.

ಪಾಪನಿವೇದನೆ ಈ ವಿಚಾರಣೆಯ ಮುಂದಿನ ಹೆಜ್ಜೆ. ಮಾಡಿದ ತಪ್ಪನ್ನು ಬಾಯಿಬಿಟ್ಟು ಗುರುಗಳ ಮುಂದೆ ಹೇಳಬೇಕು. ಕೇಳಿದ್ದನ್ನು ಅವರು ಸಾಯುವವರೆಗೂ ಹೊರಗೆ ಆಡುವಂತಿಲ್ಲ. ಕದ್ದದ್ದಿದ್ದರೆ ತಿರುಗಿಸಬೇಕು, ಕೆಟ್ಟ ಹೆಸರು ತಂದಿದ್ದರೆ ಸರಿಪಡಿಸಬೇಕು. ಜಕ್ಕಾಯನ ಲೆಕ್ಕ ಇಲ್ಲಿಯೂ ತಪ್ಪುವುದಿಲ್ಲ.

ಹೊರಗಿನ ಬಿರುಗಾಳಿ ನಿಂತ ಮೇಲೆ ಬರುವುದಷ್ಟೇ ಶಾಂತಿಯಲ್ಲ ಎಂಬುದನ್ನು ಬೈಬಲ್ ಹಲವು ಕಡೆ ಹೇಳುತ್ತದೆ. ದೋಣಿ ಮುಳುಗುವಂತಾದಾಗ ಯೇಸು ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದ ಎಂಬ ವಿವರ ಮಾರ್ಕನ ಸುವಾರ್ತೆಯಲ್ಲಿದೆ. ಘಟಪ್ರಭೆಯ ದಂಡೆಯವರಿಗೆ ನೀರಿನ ಈ ಕಥೆ ಕಥೆಯಷ್ಟೇ ಅಲ್ಲ. 2019ರ ಆಗಸ್ಟಿನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯದ ಪ್ರವಾಹವೂ ಕೂಡಿ ಗೋಕಾಕದ ತಗ್ಗು ಓಣಿಗಳು ಮುಳುಗಿದವು. ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. ಅಂಥ ದಿನಗಳಲ್ಲಿ ನಂಬಿಕಸ್ತರಿಗೆ ಹೆಚ್ಚು ಒದಗುವುದು ಸ್ತುತಿಗೀತೆಗಳಲ್ಲ, ಅಳುವ ಕೀರ್ತನೆಗಳು. ಬೈಬಲ್ಲಿನ ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ದೇವರ ಮುಂದೆ ಗೋಳು ತೋಡಿಕೊಳ್ಳುವಂಥವು: ಎಷ್ಟು ಕಾಲ, ಯಾಕೆ ಕೈಬಿಟ್ಟೆ ಎಂದು ಜಗಳ ತೆಗೆಯುವಂಥವು. ದೇವರನ್ನು ದೂರುವುದಕ್ಕೂ ಪ್ರಾರ್ಥನೆಯಲ್ಲಿ ಜಾಗವಿದೆ ಎಂದು ತಿಳಿದವರು ಸಂಕಟದಲ್ಲಿ ನಗುಮುಖದ ಸೋಗು ಹಾಕಬೇಕಾಗಿಲ್ಲ.

ಭಾವ ಬತ್ತಿದರೂ ನಂಬಿಕೆ ಉಳಿಯಬಲ್ಲದು ಎಂಬುದಕ್ಕೆ ಹತ್ತಿರದ ನಿದರ್ಶನ ಮದರ್ ತೆರೇಸಾ. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ತಮಗಿರಲಿಲ್ಲ, ಒಳಗೆ ಬರೀ ಕತ್ತಲೆ ಎಂದು ಅವರು ತಮ್ಮ ಗುರುಗಳಿಗೆ ಬರೆದಿದ್ದರು. ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಶಾಂತಿಯನ್ನು ಹಿತವಾದ ಭಾವವೆಂದಷ್ಟೇ ತಿಳಿದವರಿಗೆ ಈ ಪತ್ರಗಳು ಗಲಿಬಿಲಿ ಹುಟ್ಟಿಸಿದವು. ಹದಿನಾರನೆಯ ಶತಮಾನದ ಸ್ಪೇನಿನ ಸಂತ ಯೋಹಾನ ಇಂಥ ಒಳಗಿನ ಕತ್ತಲೆಯನ್ನೇ ಆತ್ಮದ ಕತ್ತಲ ರಾತ್ರಿ ಎಂದು ಕರೆದಿದ್ದ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪ್ರಾರ್ಥನೆ ಮಾಡಿಸಿದರೆ ರೋಗ ಹೋಗುತ್ತದೆ, ಕಾಣಿಕೆ ಕೊಟ್ಟರೆ ಸಾಲ ತೀರುತ್ತದೆ ಎಂದು ಸಾರುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ಕ್ರೈಸ್ತರಲ್ಲೂ ಇದ್ದಾರೆ. ಅದು ವ್ಯಾಪಾರ. ಸುವಾರ್ತೆ ಬರೆದ ಲೂಕನನ್ನು ಪೌಲ ವೈದ್ಯನೆಂದೇ ಕರೆದಿದ್ದಾನೆ. ಔಷಧಿಗೂ ನಂಬಿಕೆಗೂ ಜಗಳವಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಸಾಯುವ ಯೋಚನೆ ಬಂದರೆ ಅದು ನಂಬಿಕೆಯ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಪ್ರಾರ್ಥನೆಗೆ ಬಂದವರನ್ನು ಅಲ್ಲಿಗೆ ಕಳಿಸಿಕೊಡುವ ಪಾಸ್ಟರು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ ಎಂದೇ ತಿಳಿಯಬೇಕು.

ತಂಟೆ ಮುಗಿಯದೆ ತಳಮಳ ಮುಗಿಯುವುದಿಲ್ಲ ಎಂಬ ಮೊದಲಿನ ಮಾತಿಗೆ ತಿರುಗಿದರೆ, ಮೆಥೋಡಿಸ್ಟರ ಹಳೆಯ ಆರಾಧನಾ ಕ್ರಮದಲ್ಲಿ ರೊಟ್ಟಿ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಜನರನ್ನು ಕರೆಯುವಾಗ ಒಂದು ಷರತ್ತು ಇದೆ. ಪಾಪಕ್ಕಾಗಿ ಮನಸಾರೆ ಮರುಗಿದವರು, ನೆರೆಯವರ ಸಂಗಡ ಪ್ರೀತಿಯಿಂದ ಇರುವವರು ಹತ್ತಿರ ಬರಬೇಕು ಎಂಬುದು ಅದರ ಸಾರ. ಹಾಗಾಗಿ ಮನೆಯ ತಂಟೆ ಇನ್ನೂ ಬಗೆಹರಿಯದವರು ಕೆಲವೊಮ್ಮೆ ಆ ಭಾನುವಾರ ಮುಂದೆ ಹೋಗದೆ, ತಲೆತಗ್ಗಿಸಿ ಜಮಖಾನೆಯ ಹಿಂದಿನ ಸಾಲಿನಲ್ಲಿಯೇ ಕೂತಿರುತ್ತಾರೆ.